ಮೈನಸ್ 33 ತಿಂಗಳ ಕೆಲಸ

1955ರಲ್ಲಿ ಬ್ಯಾರಿ ಬೋಹಮ್ ಅಮೆರಿಕದ ಜನರಲ್ ಡೈನಮಿಕ್ಸ್‌ ಕಂಪನಿಗೆ ಸೇರಿದ ಮೊದಲ ದಿನವೇ ಮೇಲಧಿಕಾರಿ ಕಂಪ್ಯೂಟರ್ ತೋರಿಸಿ ಲೆಕ್ಕ ಹೇಳಿದರು: ಈ ಯಂತ್ರಕ್ಕೆ ಗಂಟೆಗೆ 600 ಡಾಲರ್, ನಿನಗೆ 2 ಡಾಲರ್. ಆಗ ದುಬಾರಿಯಾಗಿದ್ದದ್ದು ಯಂತ್ರ. ಪ್ರೋಗ್ರಾಂ ಬರೆಯುವವರ ದುಡಿಮೆಯನ್ನು ಅಳೆಯುವ ತುರ್ತು ಹೆಚ್ಚಿನವರಿಗೆ ಕಾಣುತ್ತಿರಲಿಲ್ಲ.

ಹತ್ತು ವರ್ಷದೊಳಗೆ ಆ ತುರ್ತು ಎದುರಿಗೆ ಬಂತು. ಐಬಿಎಂನ ಓಎಸ್/360 ಎಂಬ ಕಾರ್ಯಾಚರಣಾ ವ್ಯವಸ್ಥೆಗೆ 1963ರಿಂದ 1966ರ ನಡುವೆ ಸುಮಾರು 5,000 ಮಾನವ-ವರ್ಷಗಳ ದುಡಿಮೆ ಹಿಡಿಯಿತು. ಆದರೂ ಅದು ಹೇಳಿದ ಹೊತ್ತಿಗೆ ಕೈಸೇರಲಿಲ್ಲ. ಆ ಯೋಜನೆಯನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಅದರ ಅನುಭವವನ್ನು ಪುಸ್ತಕವಾಗಿಸಿದರು. ತಡವಾದ ಕೆಲಸಕ್ಕೆ ಇನ್ನಷ್ಟು ಜನರನ್ನು ಹಾಕಿದರೆ ಅದು ಮತ್ತೂ ತಡವಾಗುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಹೊಸಬರಿಗೆ ಹಳಬರೇ ಕೆಲಸ ಬಿಟ್ಟು ಕಲಿಸಬೇಕು. ಜೊತೆಗೆ, ಐದು ಜನರ ತಂಡದಲ್ಲಿ ಪರಸ್ಪರ ಮಾತಾಡಬೇಕಾದ ಜೋಡಿಗಳು 10. ಹತ್ತು ಜನರಾದರೆ 45.

ಹಾಗಾದರೆ ಮುಂಚಿತವಾಗಿ ಲೆಕ್ಕ ಹಾಕುವುದು ಹೇಗೆ? 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸಿಸ್ಟಮ್ ಡೆವಲಪ್‌ಮೆಂಟ್ ಕಾರ್ಪೊರೇಷನ್ 169 ಯೋಜನೆಗಳ ವಿವರ ಕಲೆಹಾಕಿ, 104 ಅಂಶಗಳನ್ನು ಪರಿಶೀಲಿಸಿ, ಒಂದು ಸೂತ್ರ ಹೊಸೆಯಿತು. ಎಲ್ಲ ಅಂಶಕ್ಕೂ ಸೊನ್ನೆ ಕೊಟ್ಟರೆ ಅದರ ಉತ್ತರ ಮೈನಸ್ 33 ಮಾನವ-ತಿಂಗಳು! ತನ್ನದೇ 169 ಯೋಜನೆಗಳಿಗೆ ಹಚ್ಚಿದಾಗ ಬಂದ ಅಂದಾಜಿನ ಸರಾಸರಿ 40 ತಿಂಗಳು, ಏರಿಳಿತ (ಮಾನಕ ವಿಚಲನೆ) 62. ಸೂತ್ರ ಸೋತಿತು, ನಿಜ. ಆದರೆ ಮುಗಿದ ಕೆಲಸದ ದಾಖಲೆಯಿಂದಲೇ ಮುಂದಿನ ಕೆಲಸವನ್ನು ಅಳೆಯಬೇಕೆಂಬ ಆ ಹಟ ದೊಡ್ಡದು. ಈ ಕಸುಬು ಬೆಳೆದದ್ದು ಅದೇ ದಾರಿಯಲ್ಲಿ.

ಆ ದಾರಿ ಹಿಡಿದವರಲ್ಲಿ ಬೋಹಮ್ ಕೂಡ ಒಬ್ಬರು. ಟಿಆರ್‌ಡಬ್ಲ್ಯೂ ಕಂಪನಿಯಲ್ಲಿದ್ದಾಗ 63 ಯೋಜನೆಗಳನ್ನು ಆಧರಿಸಿ 1981ರಲ್ಲಿ ದುಡಿಮೆ ಅಂದಾಜಿಸುವ ಕೊಕೊಮೊ ಮಾದರಿಯನ್ನು ಪ್ರಕಟಿಸಿದರು. ಅದರ ಪ್ರಕಾರ ಸರಳ ಬಗೆಯ 10,000 ಸಾಲಿನ ಪ್ರೋಗ್ರಾಂಗೆ ಸುಮಾರು 27 ಮಾನವ-ತಿಂಗಳು. ಒಂದು ಲಕ್ಷ ಸಾಲಿಗೆ 270 ಅಲ್ಲ, ಸುಮಾರು 302. ಯಂತ್ರಾಂಶದ ಜೊತೆ ಬಿಗಿಯಾಗಿ ಹೆಣೆದುಕೊಂಡ ಕಠಿಣ ಬಗೆಯಲ್ಲಿ ಅದೇ ಜಿಗಿತ 57ರಿಂದ 904ಕ್ಕೆ. ಗಾತ್ರ ಹತ್ತು ಪಟ್ಟಾದರೆ ದುಡಿಮೆ ಹದಿನಾರು ಪಟ್ಟು. ದೊಡ್ಡ ಯೋಜನೆಗಳು ಏಕೆ ಮುಗ್ಗರಿಸುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ವಿವರಣೆ ಬೇಕಿಲ್ಲ.

ಆದರೆ ಹೀಗೆ ಸಾಲು ಎಣಿಸುವುದರಲ್ಲಿ ದೋಷವಿತ್ತು. ಒಂದೇ ಕೆಲಸಕ್ಕೆ ಅಸೆಂಬ್ಲಿ ಭಾಷೆಯಲ್ಲಿ ಸಾಲು ಹೆಚ್ಚು, ಕೋಬಾಲ್‌ನಲ್ಲಿ ಕಡಿಮೆ. ಆದ್ದರಿಂದ ಐಬಿಎಂನ ಅಲನ್ ಆಲ್‌ಬ್ರೆಕ್ಟ್ 1979ರಲ್ಲೇ ಬಳಕೆದಾರರು ಕೊಡುವ ಮಾಹಿತಿ, ಅವರಿಗೆ ಸಿಗುವ ವರದಿ, ವಿಚಾರಣೆ, ಕಡತಗಳನ್ನು ಎಣಿಸುವ ಫಂಕ್ಷನ್ ಪಾಯಿಂಟ್ ಪದ್ಧತಿಯನ್ನು ಮಂಡಿಸಿದ್ದರು.

ಹಳೆಯ ದಾಖಲೆಯಿಂದ ಅಳೆಯುವ ಹಟ ಬೆಂಗಳೂರಿನಲ್ಲೂ ಕಾಣುತ್ತದೆ. 1999ರಲ್ಲಿ ಅಲ್ಲಿನ ಇನ್ಫೋಸಿಸ್, ಸಾಫ್ಟ್‌ವೇರ್ ಕಂಪನಿಗಳ ಕಾರ್ಯವಿಧಾನ ಎಷ್ಟು ಪಕ್ವವೆಂದು ಅಳೆಯುವ ಸಿಎಂಎಂ ಮಾನದಂಡದ 5ನೇ ಹಂತ ತಲುಪಿತು. ಆ ಕಂಪನಿಯ ವಿಧಾನಗಳ ಬಗ್ಗೆ ಪಂಕಜ್ ಜಲೋಟೆ ಬರೆದ ಪುಸ್ತಕದಲ್ಲಿ ಹಳೆಯ ಯೋಜನೆಗಳ ದತ್ತಾಂಶ ಭಂಡಾರಕ್ಕೆ ಮುಖ್ಯ ಸ್ಥಾನವಿದೆ. ಹೊಸ ಯೋಜನೆಗೆ ಅಂದಾಜು ಕಟ್ಟುವ ಮ್ಯಾನೇಜರ್, ಅದನ್ನು ಹೋಲುವ ಯಾವ ಕೆಲಸಕ್ಕೆ ಎಷ್ಟು ದುಡಿಮೆ ಹಿಡಿದಿತ್ತು ಎಂದು ಅಲ್ಲಿ ಹುಡುಕುತ್ತಿದ್ದರು.