ಹೊಸ ಮೊಬೈಲಿನ ದನಿ ಒಡೆದರೆ: ಮೊದಲ ವಾರದಲ್ಲೇ ಮಾಡಬೇಕಾದ ಪರೀಕ್ಷೆಗಳು

ಆಲ್ಕಾಪುರಿ, ವಡೋದರಾ: ಹೊಸ ಸ್ಮಾರ್ಟ್‌ಫೋನ್ ಮನೆಗೆ ಬಂದರೆ ನಾವೆಲ್ಲರೂ ಮೊದಲು ಪರೀಕ್ಷಿಸುವುದು ಕ್ಯಾಮೆರಾವನ್ನು. ದನಿಯ ಕಡೆಗೆ ಗಮನ ಹರಿಯುವುದು ಊರಿನಿಂದ ಕರೆ ಬಂದು, ಆ ಕಡೆಯ ಮಾತು ಡಬ್ಬದೊಳಗಿನಿಂದ ಬಂದಂತೆ ಕೇಳಿಸಿದಾಗ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನಗೊಂಡಂದಿನಿಂದ ಈ ನಗರದ ಹೆಸರು ನಮ್ಮ ಕರಾವಳಿಯ ಮನೆಗಳಿಗೂ ಪರಿಚಿತವಾಗಿದೆ. ಬ್ಯಾಂಕು, ರೈಲ್ವೆ, ತೈಲ ಶುದ್ಧೀಕರಣಾಗಾರ ಎಂದು ಇಲ್ಲಿಗೆ ಬಂದು ನೆಲೆಸಿದ ಕನ್ನಡಿಗರಿಗೆ ಭಾನುವಾರದ ಆ ಒಂದು ಕರೆಯೇ ತವರಿನ ಕೊಂಡಿ. ಆದುದರಿಂದ ಸ್ಪೀಕರಿನ ಗುಣಮಟ್ಟವನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. ದನಿ ಸರಿಯಿಲ್ಲವೆನಿಸಿದಾಗ ಅದು ಯಂತ್ರದ ದೋಷವೋ, ಅದರ ಸಹಜ ಮಿತಿಯೋ, ಬೇರೆಲ್ಲೋ ಇರುವ ಕಾರಣವೋ ಎಂಬುದನ್ನು ಬದಲಾವಣೆಯ ಅವಧಿ ಮುಗಿಯುವ ಮುನ್ನವೇ ತೀರ್ಮಾನಿಸಿಕೊಳ್ಳಬೇಕು. ಆ ತೀರ್ಮಾನಕ್ಕೆ ನೆರವಾಗಲೆಂದೇ ಈ ಬರಹ.

ನಾನು ತಂತ್ರಜ್ಞನಲ್ಲ, ಕಲಾ ಪದವಿ ಪಡೆದು ಬ್ಯಾಂಕಿನ ಕೌಂಟರಿನಲ್ಲಿ ಕೂದಲು ನರೆಸಿಕೊಂಡವನು. ತಿಳಿದದ್ದೆಲ್ಲ ಪೆಟ್ಟು ತಿಂದು ತಿಳಿದದ್ದು. ನವರಾತ್ರಿಗೆ ಮುನ್ನ ಇಲ್ಲಿನ ಒಂದು ಅಂಗಡಿಯಲ್ಲಿ ಹೊಸ ಫೋನ್ ಕೊಂಡೆ. ಸಾಗರದಲ್ಲಿರುವ ಅಕ್ಕನ ದನಿ ಆ ವಾರ ತೀರ ಕ್ಷೀಣವಾಗಿ ಕೇಳಿಸಿತು. "ಅಕ್ಕಾ, ಜ್ವರ ಗಿರ ಬಂದಿದೆಯಾ?" ಎಂದೆ. "ನನಗೆ ಏನಾಗಿದೆ ಮಾರಾಯಾ, ಮೊದಲು ನಿನ್ನ ಕಿವಿ ತೋರಿಸಿಕೊ" ಎಂದು ನಕ್ಕಳು. ಹಾಡು ಹಾಕಿದರೆ ಕೆಳಗಿನ ಸ್ಪೀಕರಿನಲ್ಲಿ ಗರಗರ ಸದ್ದು. ಸೆಟ್ಟಿಂಗುಗಳನ್ನು ತಿರುವಿಹಾಕುತ್ತ ಒಂಬತ್ತು ದಿನ ಕಳೆದು ಅಂಗಡಿಗೆ ಹೋದಾಗ, ಬದಲಿ ಫೋನ್ ಕೊಡುವ ಅವಧಿ ಏಳೇ ದಿನವೆಂದೂ ಇನ್ನು ಸರ್ವಿಸ್ ಸೆಂಟರಿಗೇ ಹೋಗಬೇಕೆಂದೂ ಉತ್ತರ ಬಂತು. ಅಲ್ಲಿ ಫೋನ್ ಬಿಚ್ಚಿ ಸ್ಪೀಕರ್ ಬದಲಿಸಲು ಹನ್ನೆರಡು ದಿನ ಹಿಡಿಯಿತು. ಅಕ್ಕನ ದನಿ ಕುಗ್ಗಿದ್ದಕ್ಕೆ ಕಾರಣವೇ ಬೇರೆ: ಅಂಗಡಿಯಲ್ಲಿ ಅಂಟಿಸಿಕೊಟ್ಟ ಟೆಂಪರ್ಡ್ ಗ್ಲಾಸಿನ ಅಂಚು ಮೇಲಿನ ಇಯರ್‌ಪೀಸಿನ ಜಾಲರಿಯನ್ನು ಅರ್ಧ ಮುಚ್ಚಿತ್ತು. ಎರಡು ತೊಂದರೆಗಳನ್ನು ಒಂದೆಂದು ಭಾವಿಸಿದ್ದೇ ನನ್ನ ತಪ್ಪು.

ಪುಟ್ಟ ಪೆಟ್ಟಿಗೆಯ ಮಿತಿ

ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಗ್ರಹಿಸಬಲ್ಲದು. ಫೋನಿನೊಳಗಿನ ಸ್ಪೀಕರಾದರೋ ಬೆರಳಿನ ಉಗುರಿನಷ್ಟೇ ಅಗಲದ ತೆಳುಪೊರೆ. ದನಿಯೆಂದರೆ ಗಾಳಿಯ ಅಲುಗಾಟ. ಮಂದ್ರಕ್ಕಿಳಿದಷ್ಟೂ ಹೆಚ್ಚು ಗಾಳಿಯನ್ನು ತಳ್ಳಬೇಕು. ಒಂದು ಸ್ಥಾಯಿ ಕೆಳಗಿಳಿದು ಅದೇ ಗಟ್ಟಿತನ ಉಳಿಯಬೇಕಾದರೆ ಪೊರೆ ನಾಲ್ಕು ಪಟ್ಟು ದೂರ ಚಲಿಸಬೇಕು. ಮಿಲಿಮೀಟರಿನಷ್ಟೂ ಜಾಗವಿಲ್ಲದ ಕಡೆ ಇದು ಆಗದ ಮಾತು. ಹೀಗಾಗಿ ಕೆಲವು ನೂರು ಹರ್ಟ್ಸ್‌ಗಳ ಕೆಳಗಿನ ನಾದವೆಲ್ಲ ಎಷ್ಟೇ ದುಬಾರಿ ಫೋನಿನಲ್ಲೂ ಸೊರಗುತ್ತದೆ.

ನಮ್ಮ ಸಂಗೀತದ ಉದಾಹರಣೆ ತೆಗೆದುಕೊಂಡರೆ ಇದು ಸ್ಪಷ್ಟವಾದೀತು. ಪುರುಷ ಗಾಯಕರ ಷಡ್ಜ 130 ಹರ್ಟ್ಸ್ ಆಸುಪಾಸಿನಲ್ಲಿದ್ದರೆ ತಂಬೂರಿಯ ಮಂದ್ರ ಷಡ್ಜ ಅದರ ಅರ್ಧ, ಅಂದರೆ 65. ಫೋನಿನ ಸ್ಪೀಕರಿನಲ್ಲಿ ಆ ಮೂಲಸ್ವರ ಹೊರಡುವುದೇ ಇಲ್ಲವೆನ್ನಬಹುದು. ಆದರೂ ತಂಬೂರಿ ಕೇಳಿಸಿದಂತಾಗುವುದು ಅದರ ಮೇಲಿನ ಅನುಸ್ವರಗಳಿಂದ ನಮ್ಮ ಮಿದುಳು ಮೂಲವನ್ನು ಊಹಿಸಿಕೊಳ್ಳುವುದರಿಂದ. ಯಕ್ಷಗಾನದಲ್ಲಿ ಚಂಡೆಯ ಪೆಟ್ಟು ಖಣಿಲೆಂದು ಬಂದು ಮದ್ದಲೆಯ ಗುಂಭ ಮಾಯವಾಗುವುದೂ ಇದೇ ಕಾರಣಕ್ಕೆ. ಇದನ್ನು ದೋಷವೆಂದು ಅಂಗಡಿಗೆ ಒಯ್ದರೆ ಪ್ರಯೋಜನವಿಲ್ಲ. ಹೊಸದಾಗಿ ಕೊಡುವ ಫೋನೂ ಹಾಗೆಯೇ ಇರುತ್ತದೆ. ಸಂಗೀತಕ್ಕಾಗಿ ಒಂದು ಒಳ್ಳೆಯ ಹೆಡ್‌ಫೋನನ್ನೋ ಬ್ಲೂಟೂತ್ ಸ್ಪೀಕರನ್ನೋ ಇಟ್ಟುಕೊಳ್ಳುವುದೇ ದಾರಿ. ಸಣ್ಣದಾಗಿ ಕೇಳಿಸುವುದು ಬೇರೆ, ಒಡೆದು ಕೇಳಿಸುವುದು ಬೇರೆ. ಗರಗರ, ಝರಝರ ಸದ್ದು, ಒಂದೇ ಸ್ವರಕ್ಕೆ ನಡುಗುವುದು, ಫೋನನ್ನು ಓರೆ ಹಿಡಿದರೆ ದನಿ ಬದಲಾಗುವುದು ಇವು ದೋಷದ ಲಕ್ಷಣಗಳು.

ದೋಷ ಎಲ್ಲಿದೆ?

ಪರೀಕ್ಷೆಯನ್ನು ರಿಂಗ್‌ಟೋನಿನಿಂದ ಆರಂಭಿಸುವುದು ಒಳಿತು. ಅದು ಫೋನಿನೊಳಗೇ ಇರುವ ಧ್ವನಿ, ನೆಟ್‌ವರ್ಕಿನ ಹಂಗಿಲ್ಲ. ಅರ್ಧ ವಾಲ್ಯೂಮಿನಲ್ಲೇ ಅದು ಒಡೆದರೆ ಸ್ಪೀಕರಿನ ಮೇಲೆ ಅನುಮಾನ ಪಡಬಹುದು. ರಿಂಗ್‌ಟೋನ್ ಶುದ್ಧವಾಗಿದ್ದು ವಿಡಿಯೋ ಮಾತ್ರ ಒಡೆದರೆ ಮೂಲ ಮುದ್ರಣವನ್ನೇ ಸಂಶಯಿಸಬೇಕು. ಗರ್ಬಾ ಮೈದಾನದಲ್ಲಿ ನಾವೇ ಸೆರೆಹಿಡಿದ ವಿಡಿಯೋ ಇದಕ್ಕೆ ನಿದರ್ಶನ: ಆ ಅಬ್ಬರವನ್ನು ಫೋನಿನ ಪುಟ್ಟ ಮೈಕ್ ತಾಳಲಾರದೆ ದನಿಯ ಅಲೆಗಳ ತುದಿ ಕತ್ತರಿಸಿಹೋಗಿರುತ್ತದೆ. ಆ ವಿಡಿಯೋ ಯಾವ ಫೋನಿನಲ್ಲಿ ಹಾಕಿದರೂ ಗರಗರ ಎನ್ನುತ್ತದೆ. ಹಳೆಯ ಗ್ರಾಮಫೋನ್ ತಟ್ಟೆಗಳದೂ ಬೇರೊಂದು ಬಗೆಯಲ್ಲಿ ಇದೇ ಕಥೆ. ಕಿರಾಣಾ ಘರಾನೆಯ ಅಬ್ದುಲ್ ಕರೀಂ ಖಾನರು ಇದೇ ಬರೋಡಾದ ಆಸ್ಥಾನದಲ್ಲಿದ್ದು, ಮುಂದೆ ಮಿರಜಿನಲ್ಲಿ ನೆಲೆಸಿ, ನಮ್ಮ ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುವಾದವರು. ಆ ಪೀಳಿಗೆಯ 78 ಆರ್‌ಪಿಎಂ ಮುದ್ರಣಗಳು ತೆಳುವಾಗಿ ಕೇಳಿಸಿದರೆ ಫೋನನ್ನು ದೂರಬಾರದು.

ಕರೆಯ ಮಾತು ಮಾತ್ರ ಕೆಟ್ಟಿದ್ದರೆ ನೋಡಬೇಕಾದದ್ದು ಬೇರೆ. ಹಳೆಯ ಪದ್ಧತಿಯ ದೂರವಾಣಿ ಕರೆ 300ರಿಂದ 3,400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಒಯ್ಯುತ್ತದೆ. ವೋಲ್ಟೆ ಎಂದು ಕರೆಯುವ 4ಜಿ ಕರೆಯಲ್ಲಿ ಈ ವ್ಯಾಪ್ತಿ 50ರಿಂದ 7,000ದವರೆಗೆ ಹಿಗ್ಗುತ್ತದೆ. 'ಸ' 'ಶ' 'ಫ'ಗಳ ಭೇದ ಆಗ ನಿಚ್ಚಳ. ಹೊಸ ಫೋನಿನಲ್ಲಿ ಈ ಆಯ್ಕೆ ಬಂದ್ ಆಗಿದ್ದರೆ ಸಿಮ್ ಸೆಟ್ಟಿಂಗಿನಲ್ಲಿ ಚಾಲೂ ಮಾಡಬೇಕು. ಊರಿನ ಹಿರಿಯರ ಕೈಯಲ್ಲಿ 2ಜಿಯ ಬಟನ್ ಫೋನ್ ಇದ್ದರೆ ಈ ಕಡೆ ಎಷ್ಟು ಬೆಲೆಯ ಫೋನಿದ್ದರೂ ಅಷ್ಟೇ. ಇನ್ನೊಂದು ಮಾತು: ಕಿವಿಗೆ ಹಿಡಿದಾಗ ಕೆಲಸ ಮಾಡುವುದು ಮೇಲಿನ ಇಯರ್‌ಪೀಸ್, ಸ್ಪೀಕರಿಗೆ ಹಾಕಿದಾಗ ಕೆಳಗಿನದು. ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಸ್ಟೀರಿಯೋ ಎಂದು ಮಾರುವ ಹಲವು ಫೋನುಗಳಲ್ಲಿ ಮೇಲಿನ ಇಯರ್‌ಪೀಸೇ ಎರಡನೆಯ ಸ್ಪೀಕರ್. ಅದು ಕೆಳಗಿನದಕ್ಕಿಂತ ದುರ್ಬಲವಾಗಿರುವುದು ಸಹಜ, ಮೂಕವಾಗಿರುವುದು ಸಹಜವಲ್ಲ.

ಸೆಟ್ಟಿಂಗುಗಳಲ್ಲಿ ಬಹಳ ಹೊತ್ತು ಕಳೆಯಬೇಡಿ. ಎಡ-ಬಲ ಸಮತೋಲನದ ಗುಂಡಿ ನಡುವಿನಲ್ಲಿದೆಯೇ, ಈಕ್ವಲೈಸರಿನಲ್ಲಿ ಬಾಸ್ ಅತಿಯಾಗಿ ಏರಿದೆಯೇ, ಬ್ಲೂಟೂತ್ ಬೇರೆ ಯಾವುದಕ್ಕೋ ಅಂಟಿಕೊಂಡಿದೆಯೇ ಎಂದು ನೋಡಿದರೆ ಸಾಕು. ವಾಲ್ಯೂಮ್ ಹೆಚ್ಚಿಸುವುದಾಗಿ ಹೇಳುವ ಆ್ಯಪ್‌ಗಳನ್ನು ಹಾಕಿದ್ದರೆ ತೆಗೆದುಬಿಡಿ. ಅವು ಅಲೆಗಳ ತುದಿ ಕತ್ತರಿಸಿ ಗದ್ದಲ ಹೆಚ್ಚಿಸುತ್ತವೆಯೇ ಹೊರತು ಸ್ಪಷ್ಟತೆಯನ್ನಲ್ಲ. ಸ್ಯಾಮ್‌ಸಂಗಿನ ಬಹುತೇಕ ಫೋನುಗಳಲ್ಲಿ ಡಯಲರಿನಲ್ಲಿ ನಕ್ಷತ್ರ, ಹ್ಯಾಷ್, ಸೊನ್ನೆ, ನಕ್ಷತ್ರ, ಹ್ಯಾಷ್ ಒತ್ತಿದರೆ ಕಾರ್ಖಾನೆಯ ಪರೀಕ್ಷಾ ಪರದೆ ತೆರೆಯುತ್ತದೆ. ಅದರಲ್ಲಿ ಸ್ಪೀಕರಿಗೇ ಒಂದು ಚೌಕವಿದೆ.

ಪ್ಲಾಸ್ಟಿಕ್ ಪೊರೆ, ಗ್ಲಾಸು, ಕವರುಗಳನ್ನೆಲ್ಲ ತೆಗೆದು ಬರಿಯ ಫೋನನ್ನು ಆಲಿಸಿ. ನಾನು ಮಾಡದೆ ಬಿಟ್ಟದ್ದು ಇದನ್ನೇ. ಜಾಲರಿಯಲ್ಲಿ ಧೂಳಿದ್ದರೆ ಒಣಗಿದ ಮೃದು ಟೂತ್‌ಬ್ರಷ್ ಸಾಕು; ಪಿನ್ನು, ಸೂಜಿ ಬೇಡವೇ ಬೇಡ, ಒಳಗಿನ ಪೊರೆ ಹರಿದೀತು. ಮಳೆಗಾಲದಲ್ಲಿ ಆಲ್ಕಾಪುರಿಯ ರೈಲ್ವೆ ಗರನಾಳದಲ್ಲಿ ನೀರು ನಿಲ್ಲುವುದು ಇಲ್ಲಿನವರಿಗೆಲ್ಲ ಗೊತ್ತು. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ಉಕ್ಕಿದಾಗಲಂತೂ ಮನೆಗಳೊಳಗೇ ನೀರು ಬಂದಿತ್ತು. ನೆನೆದ ಫೋನಿನ ದನಿ ಮುಚ್ಚಿದಂತಾಗುತ್ತದೆ. ಸ್ಪೀಕರ್ ಕೆಳಮುಖವಾಗಿ ಹಿಡಿದು ಮೆಲ್ಲಗೆ ತಟ್ಟಿ, ಗಾಳಿಯಾಡುವಲ್ಲಿ ಒಣಗಲು ಬಿಡಬೇಕು. ಅಲ್ಲಿಯವರೆಗೆ ಚಾರ್ಜಿಗೆ ಹಾಕಬಾರದು. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಮನೆಮದ್ದು ಬೇಡವೆಂದು ಆ್ಯಪಲ್ ಕಂಪನಿಯೇ 2024ರಲ್ಲಿ ತಿಳಿಸಿದೆ. ಅಕ್ಕಿಯ ಹುಡಿ ಒಳಹೊಕ್ಕು ಹಾನಿಯಾಗುತ್ತದೆ. ನೀರು ತಗುಲಿದ ಹಾನಿಗೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ.

ಇಷ್ಟಾದ ಮೇಲೂ ದನಿ ಒಡೆಯುತ್ತಿದ್ದರೆ ಅಂದೇ ಅಂಗಡಿಗೆ ಹೋಗಿ. ಬದಲಿಸುವ ಅವಧಿ ಬಹಳ ಕಡೆ ಏಳು ದಿನ. ಕೆಲವೆಡೆ ಅದೂ ಇಲ್ಲದೆ ಮೊದಲು ಸರ್ವಿಸ್ ಸೆಂಟರಿನ ಪತ್ರ ತನ್ನಿ ಎನ್ನುತ್ತಾರೆ. ಬಿಲ್ಲಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಕೊಂಡ ದಿನವೇ ಓದಿಡುವುದು ಲೇಸು. ಸಾಲಪತ್ರದ ಸಣ್ಣ ಅಕ್ಷರಗಳನ್ನು ಗ್ರಾಹಕರು ಓದುವುದಿಲ್ಲವೆಂದು ಮೂವತ್ತು ವರ್ಷ ಗೊಣಗಿದ ನಾನೇ ಇದನ್ನು ಓದಿರಲಿಲ್ಲ! ದೋಷದ ದನಿಯನ್ನು ಮನೆಯವರ ಇನ್ನೊಂದು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಅಂಗಡಿಯ ಗದ್ದಲದಲ್ಲಿ ಗರಗರ ಸದ್ದು ಯಾರಿಗೂ ಕೇಳಿಸುವುದಿಲ್ಲ. ದುರಸ್ತಿಗೆ ಕೊಡುವಾಗ ತಾರೀಖು ಮತ್ತು ದೋಷದ ವಿವರವಿರುವ ಜಾಬ್ ಶೀಟ್ ಪಡೆಯದೆ ಹಿಂತಿರುಗಬೇಡಿ.

ಅಲ್ಲಿಯೂ ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ತಾನು ವಾಸಿಸುವ ಅಥವಾ ದುಡಿಯುವ ಊರಿನಲ್ಲೇ ದೂರು ಸಲ್ಲಿಸುವ ಹಕ್ಕನ್ನು ಗ್ರಾಹಕನಿಗೆ ಕೊಟ್ಟಿದೆ. ದಾವಣಗೆರೆಯಲ್ಲಿ ಕೊಂಡು ವಡೋದರಾದಲ್ಲಿ ಬಳಸುವ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಸಲ್ಲಿಸಬೇಕು. 2025ರ ಜನವರಿ 1ರಿಂದ ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದಾಗಿದೆ. ವಿದೇಶದಿಂದ ಮಕ್ಕಳು ತಂದುಕೊಟ್ಟ ಫೋನಾದರೆ ಅದರ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಕೊನೆಗೆ ಕಿವಿಯ ವಿಷಯ. ವಯಸ್ಸಾದಂತೆ ಮೊದಲು ಮಂಕಾಗುವುದು ತಾರಸ್ವರಗಳ ಗ್ರಹಣ. ಸ್ವರಾಕ್ಷರಗಳು ಕೇಳಿಸುತ್ತವೆ, ವ್ಯಂಜನಗಳು ಜಾರುತ್ತವೆ. ಮಾತು ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ ಎಂದೆನಿಸಿದರೆ ಅದೇ ಫೋನನ್ನು ಮನೆಯ ಹುಡುಗರ ಕೈಗೆ ಕೊಟ್ಟು ನೋಡಿ. ಅವರಿಗೆ ಸರಿಯಾಗಿ ಕೇಳಿಸಿದರೆ ಕಿವಿ-ಮೂಗು-ಗಂಟಲು ತಜ್ಞರಲ್ಲಿ ಶ್ರವಣ ಪರೀಕ್ಷೆ ಮಾಡಿಸುವುದು ಮೇಲು. ಇಲ್ಲಿನ ಸರ್ ಸಯಾಜಿರಾವ್ ಜನರಲ್ ಆಸ್ಪತ್ರೆಯಲ್ಲಿ ಆ ವಿಭಾಗವಿದೆ. ನಾನೂ ಮಾಡಿಸಿಕೊಂಡೆ. ಅಕ್ಕನ ಮಾತಿನಲ್ಲಿ ಅರ್ಧ ನಿಜವಿತ್ತು: ಎಡಗಿವಿ ತುಸು ಮಂದವಾಗಿದೆಯಂತೆ. ಈಗ ಭಾನುವಾರಗಳಂದು ಫೋನನ್ನು ಬಲಗಿವಿಗೆ ಹಿಡಿಯುತ್ತೇನೆ.