ಉದ್ಯೋಗ ಸ್ಥಳದಲ್ಲಿ ವಿಕಲಚೇತನ ನೌಕರರ ಹಕ್ಕುಗಳು ಹಾಗೂ ಮೇಲಧಿಕಾರಿಗಳ ವಿರುದ್ಧ ದೂರು ಸಲ್ಲಿಸುವ ವಿಧಾನ

(ಪಿರಿಯಾಪಟ್ಟಣ ತಾಲ್ಲೂಕು ಕೊಪ್ಪ ಹಾಗೂ ಸುತ್ತಲಿನ ಹುಣಸೂರು, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಭಾಗದ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ವಿಕಲಚೇತನ ನೌಕರರನ್ನು ಯಾವ ರೀತಿ ನಡೆಸಿಕೊಳ್ಳಬೇಕೆಂಬುದು ಮೇಲಧಿಕಾರಿಯ ದಯೆಗೆ ಬಿಟ್ಟ ವಿಷಯವಲ್ಲ. ಅದು ಕಾನೂನಿನಿಂದ ವಿಧಿಸಲ್ಪಟ್ಟ ಕರ್ತವ್ಯವಾಗಿರುತ್ತದೆ. ಈ ಕರ್ತವ್ಯವನ್ನು ಮೊದಲಿಗೆ 1995ರ ಅಧಿನಿಯಮವು ನಿಗದಿಪಡಿಸಿತ್ತು. ಅದರ ಸ್ಥಾನದಲ್ಲಿ ಬಂದ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ದಿನಾಂಕ 19-04-2017 ರಿಂದ ಜಾರಿಯಲ್ಲಿದೆ. ಇಷ್ಟಾದರೂ ಕಾನೂನಿನ ಅರಿವಿಲ್ಲದೆ, ಅಥವಾ ಅಧಿಕಾರಿಗಳ ಮೇಲಿನ ಅಂಜಿಕೆಯಿಂದ, ಹಲವರು ಬಾಯಿಮಾತಿನ ಆದೇಶಕ್ಕೆ ಮಣಿದು ಕೆಲಸವನ್ನೇ ಬಿಟ್ಟುಕೊಡುವುದುಂಟು. ಅಂತಹ ನೌಕರರಿಗೆ ಲಭ್ಯವಿರುವ ರಕ್ಷಣೆ ಮತ್ತು ಪರಿಹಾರ ಮಾರ್ಗಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಯಾರಿಗೆ ಅನ್ವಯಿಸುತ್ತದೆ

1995ರ ಅಧಿನಿಯಮದಲ್ಲಿ 7 ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಲಾಗಿತ್ತು. 2016ರ ಅಧಿನಿಯಮದಲ್ಲಿ ಈ ಸಂಖ್ಯೆಯು 21ಕ್ಕೆ ಏರಿದೆ. ಅಂಧತ್ವ, ಮಂದದೃಷ್ಟಿ, ಶ್ರವಣದೋಷ, ಚಲನವೈಕಲ್ಯ, ಕುಷ್ಠರೋಗದಿಂದ ಗುಣಮುಖರಾದವರು, ಕುಬ್ಜತೆ, ಮಾನಸಿಕ ಅಸ್ವಸ್ಥತೆ, ಪಾರ್ಕಿನ್‌ಸನ್ ಕಾಯಿಲೆ, ಹಿಮೋಫೀಲಿಯಾ ಹಾಗೂ ಆಸಿಡ್ ದಾಳಿಗೆ ಒಳಗಾದವರು ಇವುಗಳಲ್ಲಿ ಸೇರಿರುತ್ತಾರೆ.

ನೇಮಕಾತಿಯಲ್ಲಿ ಮೀಸಲಾತಿ ಪಡೆಯಲು ಕನಿಷ್ಠ ಶೇಕಡ 40ರಷ್ಟು ವೈಕಲ್ಯವಿರುವುದು ಅವಶ್ಯಕ. ಆದರೆ ತಾರತಮ್ಯದಿಂದ ರಕ್ಷಣೆ ಪಡೆಯಲು ಮತ್ತು ಕೆಲಸಕ್ಕೆ ಬೇಕಾದ ಅನುಕೂಲ ಕೇಳಲು ಈ ಮಿತಿ ಇರುವುದಿಲ್ಲ. ಈ ವಿಷಯವನ್ನು ಸರ್ವೋಚ್ಚ ನ್ಯಾಯಾಲಯವು ವಿಕಾಸ್ ಕುಮಾರ್ ವಿರುದ್ಧ ಕೇಂದ್ರ ಲೋಕಸೇವಾ ಆಯೋಗ ಪ್ರಕರಣದಲ್ಲಿ (2021) ಸ್ಪಷ್ಟಪಡಿಸಿದೆ. ಆದ್ದರಿಂದ "ಶೇಕಡ 40 ಇಲ್ಲ" ಎಂಬ ಒಂದೇ ಕಾರಣ ನೀಡಿ ನೌಕರರ ಮನವಿಯನ್ನು ತಿರಸ್ಕರಿಸಲು ಬರುವುದಿಲ್ಲ.

3. ಸರ್ಕಾರಿ ಸಂಸ್ಥೆಗಳಲ್ಲಿ ನೌಕರರಿಗಿರುವ ರಕ್ಷಣೆ (ಪ್ರಕರಣ 20)

ಅ) ಉದ್ಯೋಗಕ್ಕೆ ಸಂಬಂಧಿಸಿದ ಯಾವುದೇ ವಿಷಯದಲ್ಲಿ ವಿಕಲಚೇತನರ ವಿರುದ್ಧ ತಾರತಮ್ಯ ಮಾಡತಕ್ಕದ್ದಲ್ಲ. ಕೆಲಸದ ಸ್ವರೂಪವನ್ನು ಪರಿಗಣಿಸಿ ಯಾವುದಾದರೂ ಸಂಸ್ಥೆಗೆ ವಿನಾಯಿತಿ ನೀಡಬೇಕಾದಲ್ಲಿ ಸರ್ಕಾರವೇ ಅಧಿಸೂಚನೆ ಹೊರಡಿಸಬೇಕು. ಕಚೇರಿಯ ಮುಖ್ಯಸ್ಥರಿಗೆ ತಾವಾಗಿಯೇ ವಿನಾಯಿತಿ ಪಡೆಯುವ ಅಧಿಕಾರವಿಲ್ಲ.

ಆ) ನೌಕರರು ಕೆಲಸ ನಿರ್ವಹಿಸಲು ಬೇಕಾದ ಯುಕ್ತ ಅನುಕೂಲವನ್ನು ಕಲ್ಪಿಸತಕ್ಕದ್ದು. ಮಹಡಿ ಹತ್ತಲಾಗದವರಿಗೆ ನೆಲ ಅಂತಸ್ತಿನಲ್ಲಿ ಸ್ಥಳ ನೀಡುವುದು, ಇಳಿಜಾರು ದಾರಿ ನಿರ್ಮಿಸುವುದು, ದೃಷ್ಟಿದೋಷವುಳ್ಳವರ ಗಣಕಯಂತ್ರಕ್ಕೆ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶ ಒದಗಿಸುವುದು, ಶ್ರವಣದೋಷವುಳ್ಳವರಿಗೆ ಸೂಚನೆಗಳನ್ನು ಲಿಖಿತವಾಗಿ ನೀಡುವುದು ಇದಕ್ಕೆ ಉದಾಹರಣೆಗಳು.

ಇ) ವೈಕಲ್ಯದ ಕಾರಣಕ್ಕಾಗಿಯೇ ಬಡ್ತಿಯನ್ನು ನಿರಾಕರಿಸತಕ್ಕದ್ದಲ್ಲ.

ಈ) ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದ ನೌಕರರನ್ನು ಕೆಲಸದಿಂದ ತೆಗೆಯತಕ್ಕದ್ದಲ್ಲ ಅಥವಾ ಕೆಳದರ್ಜೆಗೆ ಇಳಿಸತಕ್ಕದ್ದಲ್ಲ. ಹಿಂದಿನ ಹುದ್ದೆಯ ಕೆಲಸ ಸಾಧ್ಯವಾಗದಿದ್ದಲ್ಲಿ ಅದೇ ವೇತನ ಶ್ರೇಣಿ ಮತ್ತು ಸೇವಾ ಸೌಲಭ್ಯಗಳೊಂದಿಗೆ ಬೇರೆ ಹುದ್ದೆ ನೀಡಬಹುದು. ಅಂತಹ ಹುದ್ದೆ ಖಾಲಿ ಇಲ್ಲದಿದ್ದಲ್ಲಿ, ಸೂಕ್ತ ಹುದ್ದೆ ದೊರೆಯುವವರೆಗೆ ಅಥವಾ ವಯೋನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಮುಂದುವರಿಸಬಹುದು.

4. ರಾಜೀನಾಮೆ ಮತ್ತು ಸ್ವಯಂ ನಿವೃತ್ತಿ ಬಗ್ಗೆ ವಿಶೇಷ ಸೂಚನೆ

ಅಪಘಾತ ಅಥವಾ ಕಾಯಿಲೆಯ ನಂತರ "ಇನ್ನು ನಿಮ್ಮಿಂದ ಕೆಲಸ ಆಗದು, ಬರೆದುಕೊಟ್ಟು ಹೋಗಿ" ಎಂದು ಸೂಚಿಸಿದಾಗ ನೌಕರರು ಆತುರದಿಂದ ಸಹಿ ಮಾಡಬಾರದು. ಈ ಬಗ್ಗೆ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳನ್ನು ಗಮನಿಸಬಹುದು. ಇವು 1995ರ ಅಧಿನಿಯಮದ ಪ್ರಕರಣ 47ಕ್ಕೆ ಸಂಬಂಧಿಸಿದ್ದು, ಅದೇ ರಕ್ಷಣೆಯು ಈಗ ಪ್ರಕರಣ 20ರಲ್ಲಿ ಮುಂದುವರಿದಿದೆ.

ಕುನಾಲ್ ಸಿಂಗ್ ವಿರುದ್ಧ ಭಾರತ ಒಕ್ಕೂಟ (2003): ಕರ್ತವ್ಯದಲ್ಲಿದ್ದಾಗ ಗಾಯಗೊಂಡು ಎಡಗಾಲು ಕಳೆದುಕೊಂಡ ಪೇದೆಯೊಬ್ಬರನ್ನು ಅಶಕ್ತರೆಂದು ಸೇವೆಯಿಂದ ಬಿಡುಗಡೆ ಮಾಡಲಾಗಿತ್ತು. ನೌಕರರನ್ನು ಉಳಿಸಿಕೊಳ್ಳುವುದು ಸಂಸ್ಥೆಯ ಕಡ್ಡಾಯ ಕರ್ತವ್ಯವೆಂದೂ, ಅಶಕ್ತತಾ ಪಿಂಚಣಿ ನೀಡಲಾಗಿದೆ ಎಂಬ ಮಾತ್ರಕ್ಕೆ ಈ ರಕ್ಷಣೆಯನ್ನು ನಿರಾಕರಿಸಲಾಗದೆಂದೂ ನ್ಯಾಯಾಲಯ ತೀರ್ಪಿತ್ತಿತು.

ಭಗವಾನ್ ದಾಸ್ ವಿರುದ್ಧ ಪಂಜಾಬ್ ರಾಜ್ಯ ವಿದ್ಯುತ್ ಮಂಡಳಿ (2008): ಸಹಾಯಕ ಲೈನ್‌ಮನ್ ಒಬ್ಬರು ಸೇವೆಯಲ್ಲಿದ್ದಾಗಲೇ ಪೂರ್ಣ ಅಂಧರಾದರು. ತಮಗೆ ನಿವೃತ್ತಿ ನೀಡಿ ಪತ್ನಿಗೆ ಕೆಲಸ ಕೊಡುವಂತೆ ಅವರೇ 1996ರಲ್ಲಿ ಪತ್ರ ಬರೆದಿದ್ದರು. ಆ ಪತ್ರವನ್ನೇ ಮುಂದಿಟ್ಟುಕೊಂಡು ಮಂಡಳಿಯು ಅವರನ್ನು ಸೇವೆಯಿಂದ ಕಳುಹಿಸಿತು. ತಮ್ಮ ಹಕ್ಕನ್ನು ಅರಿಯದ ನೌಕರರೊಬ್ಬರು ಇಂತಹ ಪತ್ರ ನೀಡಿದಾಗ ಕಾನೂನಿನ ಸ್ಥಿತಿಯನ್ನು ಅವರಿಗೆ ತಿಳಿಸಿ ಹೇಳುವುದು ಮೇಲಧಿಕಾರಿಗಳ ಕರ್ತವ್ಯವಾಗಿತ್ತು ಎಂದು ನ್ಯಾಯಾಲಯ ಹೇಳಿ, ನೌಕರರ ಪರವಾಗಿ ತೀರ್ಪು ನೀಡಿತು. ಈ ಕಾರಣದಿಂದ, ಈಗಾಗಲೇ ಬರೆದುಕೊಟ್ಟಿರುವವರೂ ಎಲ್ಲವೂ ಮುಗಿಯಿತೆಂದು ಭಾವಿಸದೆ ಕೂಡಲೇ ಕಾನೂನು ಸಲಹೆ ಪಡೆಯುವುದು ಸೂಕ್ತ.

ಮಾನಸಿಕ ಅಸ್ವಸ್ಥತೆಯುಳ್ಳ ನೌಕರರ ನಡತೆಯನ್ನು ಅಶಿಸ್ತೆಂದು ಪರಿಗಣಿಸಿ ವಿಚಾರಣೆ ನಡೆಸುವ ಸಂದರ್ಭಗಳಿಗೆ ರವೀಂದರ್ ಕುಮಾರ್ ಧಾರಿವಾಲ್ ವಿರುದ್ಧ ಭಾರತ ಒಕ್ಕೂಟ (2021) ಪ್ರಕರಣವು ಮುಖ್ಯವಾದುದು. ಅಂತಹ ವಿಚಾರಣೆಯು ಪರೋಕ್ಷ ತಾರತಮ್ಯವಾಗುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು ಅದರಲ್ಲಿ ತಿಳಿಸಿದೆ.

5. ನೇಮಕಾತಿ ಮತ್ತು ಬಡ್ತಿ: ರಾಜ್ಯದ ಪ್ರಕರಣಗಳು

ಪಿರಿಯಾಪಟ್ಟಣ ತಾಲ್ಲೂಕಿನ ಅಂಧ ಮಹಿಳೆಯೊಬ್ಬರು ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಸಲ್ಲಿಸಿದ್ದರು. ಅವರಿಗೆ ಆಯ್ಕೆ ನಿರಾಕರಿಸಲ್ಪಟ್ಟಾಗ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯು ಮರುಪರಿಶೀಲನೆಗೆ ಆದೇಶಿಸಿತು. ಇದರ ವಿರುದ್ಧ ಸರ್ಕಾರವು ಸಲ್ಲಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2023ರ ಅಕ್ಟೋಬರ್‌ನಲ್ಲಿ ತಿರಸ್ಕರಿಸಿತು. ಹುದ್ದೆಯ ಕರ್ತವ್ಯ ನಿರ್ವಹಿಸಲು ಸಾಧ್ಯವಿರುವಲ್ಲಿ, ಮಂದದೃಷ್ಟಿಯುಳ್ಳವರಿಗಿಂತ ಪೂರ್ಣ ಅಂಧತ್ವವುಳ್ಳವರಿಗೆ ಆದ್ಯತೆ ನೀಡಬೇಕೆಂಬುದು ಆ ತೀರ್ಪಿನ ಸಾರ.

ಬಡ್ತಿಯಲ್ಲಿಯೂ ವಿಕಲಚೇತನರಿಗೆ ಮೀಸಲಾತಿ ನೀಡಬಹುದೆಂಬ ತತ್ವವನ್ನು ಸಿದ್ದರಾಜು ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು 2020ರ ಜನವರಿಯಲ್ಲಿ ಎತ್ತಿಹಿಡಿದಿದೆ.

6. ಖಾಸಗಿ ಸಂಸ್ಥೆಗಳ ನೌಕರರು

ಕಾರ್ಖಾನೆ, ಅಂಗಡಿ, ಖಾಸಗಿ ಶಾಲೆ, ಆಸ್ಪತ್ರೆ, ಹೋಟೆಲ್ ಮುಂತಾದ ಖಾಸಗಿ ಸಂಸ್ಥೆಗಳೂ ಅಧಿನಿಯಮದ ವ್ಯಾಪ್ತಿಗೆ ಬರುತ್ತವೆ. ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸತಕ್ಕದ್ದು (ಪ್ರಕರಣ 21). ಕೇಂದ್ರ ನಿಯಮಗಳು, 2017ರ ಪ್ರಕಾರ 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ನೀತಿಯಲ್ಲಿ, ಕಲ್ಪಿಸುವ ಸೌಲಭ್ಯಗಳು, ವಿಶೇಷ ರಜೆ, ಸ್ಥಳ ನಿಯುಕ್ತಿಯಲ್ಲಿ ಆದ್ಯತೆ ಹಾಗೂ ಸಂಪರ್ಕಾಧಿಕಾರಿಯ ನೇಮಕದ ವಿವರಗಳಿರಬೇಕು. ಖಾಸಗಿ ನೌಕರರು ಮೊದಲಿಗೆ ಈ ನೀತಿಯ ಪ್ರತಿಯನ್ನು ಕೇಳಿ ಪಡೆಯುವುದು ಒಳಿತು. ಆದರೆ ಮೇಲೆ 3ನೇ ಕ್ರಮಾಂಕದಲ್ಲಿ ತಿಳಿಸಿರುವ ರಕ್ಷಣೆಯು ಸರ್ಕಾರಿ ಸಂಸ್ಥೆಗಳಿಗೆ ಸಂಬಂಧಿಸಿದ್ದಾಗಿರುತ್ತದೆ ಎಂಬುದನ್ನು ಗಮನಿಸತಕ್ಕದ್ದು. ಕೆಲಸದ ವೇಳೆ ಅಪಘಾತವಾಗಿ ವೈಕಲ್ಯ ಉಂಟಾದಲ್ಲಿ ಪರಿಹಾರಧನ ಪಡೆಯುವ ಹಕ್ಕು ಪ್ರತ್ಯೇಕವಾಗಿದ್ದು, ಅದಕ್ಕಾಗಿ ಕಾರ್ಮಿಕ ಇಲಾಖೆಯನ್ನು ಸಂಪರ್ಕಿಸಬಹುದು.

7. ದೂರು ಸಲ್ಲಿಸುವ ವಿಧಾನ

ಮೊದಲ ಹಂತ: ಕಚೇರಿಯ ಮುಖ್ಯಸ್ಥರಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಸ್ವೀಕೃತಿ ನೀಡದಿದ್ದಲ್ಲಿ ನೋಂದಾಯಿತ ಅಂಚೆಯ ಮೂಲಕ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳತಕ್ಕದ್ದು. ಮನವಿಯಲ್ಲಿ ವೈಕಲ್ಯದ ಸ್ವರೂಪ, ಕೆಲಸದಲ್ಲಿ ಎದುರಾಗುತ್ತಿರುವ ತೊಂದರೆ ಮತ್ತು ಕೋರುವ ಅನುಕೂಲ, ಈ ಮೂರೂ ಸ್ಪಷ್ಟವಾಗಿರಬೇಕು.

ಎರಡನೆಯ ಹಂತ: ಪ್ರತಿ ಸರ್ಕಾರಿ ಸಂಸ್ಥೆಯಲ್ಲಿ ಪತ್ರಾಂಕಿತ ದರ್ಜೆಗಿಂತ ಕಡಿಮೆಯಿಲ್ಲದ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕು (ಪ್ರಕರಣ 23). ದೂರನ್ನು ವಹಿಯಲ್ಲಿ ನೋಂದಾಯಿಸಿ ಎರಡು ವಾರಗಳೊಳಗೆ ವಿಚಾರಣೆ ನಡೆಸತಕ್ಕದ್ದು.

ಮೂರನೆಯ ಹಂತ: ಕೈಗೊಂಡ ಕ್ರಮವು ಸಮಾಧಾನಕರವಾಗಿರದಿದ್ದಲ್ಲಿ ವಿಕಲಚೇತನರ ಜಿಲ್ಲಾ ಮಟ್ಟದ ಸಮಿತಿಗೆ ಮನವಿ ಸಲ್ಲಿಸಬಹುದು. ಈ ಬಗ್ಗೆ ಮೈಸೂರಿನ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು. ಕಾವೇರಿ ಸೇತುವೆ ದಾಟಿ ಕುಶಾಲನಗರದಲ್ಲಿ ಕೆಲಸ ಮಾಡುವ ಕೊಪ್ಪದ ನಿವಾಸಿಗಳು, ತಮ್ಮ ಕಚೇರಿ ಕೊಡಗು ಜಿಲ್ಲೆಗೆ ಸೇರಿದ್ದಾದ್ದರಿಂದ, ಆ ಜಿಲ್ಲೆಯ ಕಚೇರಿಯಲ್ಲಿ ವಿಚಾರಿಸುವುದು ಸೂಕ್ತ.

ನಾಲ್ಕನೆಯ ಹಂತ: ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಸಾಕ್ಷಿಗಳನ್ನು ಕರೆಯಿಸುವ ಮತ್ತು ದಾಖಲೆಗಳನ್ನು ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿರುತ್ತದೆ. ಆಯುಕ್ತರು ಶಿಫಾರಸು ಮಾಡಿದಲ್ಲಿ ಸಂಬಂಧಿಸಿದ ಪ್ರಾಧಿಕಾರವು ಕ್ರಮ ಕೈಗೊಂಡು ಮೂರು ತಿಂಗಳೊಳಗೆ ವರದಿ ನೀಡಬೇಕು. ಒಪ್ಪದಿದ್ದಲ್ಲಿ ಅದಕ್ಕೆ ಕಾರಣವನ್ನು ಅದೇ ಅವಧಿಯೊಳಗೆ ಆಯುಕ್ತರಿಗೂ ದೂರುದಾರರಿಗೂ ತಿಳಿಸಬೇಕು. ಅಂಚೆ ಇಲಾಖೆ, ತಂಬಾಕು ಮಂಡಳಿ ಮುಂತಾದ ಕೇಂದ್ರ ಸರ್ಕಾರದ ಸಂಸ್ಥೆಗಳ ನೌಕರರು ನವದೆಹಲಿಯ ಮುಖ್ಯ ಆಯುಕ್ತರಿಗೆ ದೂರು ಸಲ್ಲಿಸತಕ್ಕದ್ದು.

ಕಾಲಮಿತಿ: ರಾಜ್ಯ ಸರ್ಕಾರಿ ನೌಕರರು ಅಂತಿಮ ಆದೇಶದ ವಿರುದ್ಧ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಮೇಲಿನ ಹಂತಗಳಲ್ಲಿ ದೂರು ಬಾಕಿ ಇದೆಯೆಂದು ಈ ಅವಧಿಯನ್ನು ಕಳೆದುಕೊಳ್ಳಬಾರದು.

8. ಲಗತ್ತಿಸಬೇಕಾದ ದಾಖಲೆಗಳು

- ವೈಕಲ್ಯ ಪ್ರಮಾಣಪತ್ರ ಅಥವಾ ವಿಶಿಷ್ಟ ಗುರುತಿನ ಚೀಟಿ (ಯು.ಡಿ.ಐ.ಡಿ.)
- ನೇಮಕಾತಿ ಆದೇಶ ಮತ್ತು ಇತ್ತೀಚಿನ ವೇತನ ಚೀಟಿಯ ಪ್ರತಿ
- ಹಿಂದೆ ಸಲ್ಲಿಸಿದ ಮನವಿಗಳು ಹಾಗೂ ಸ್ವೀಕೃತಿ
- ವರ್ಗಾವಣೆ, ನೋಟಿಸು, ಬಡ್ತಿ ನಿರಾಕರಣೆ ಇತ್ಯಾದಿ ಆದೇಶಗಳ ಪ್ರತಿ
- ಮೌಖಿಕ ಆದೇಶ ಅಥವಾ ಅವಮಾನ ನಡೆದ ದಿನಾಂಕ, ಸ್ಥಳ ಮತ್ತು ಹಾಜರಿದ್ದವರ ವಿವರ

ಕಚೇರಿಯಲ್ಲಿರುವ ಆದೇಶ ಅಥವಾ ಕಡತದ ಪ್ರತಿಯನ್ನು ನೀಡದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಖಾಸಗಿ ಸಂಸ್ಥೆಗಳಿಗೆ ಇದು ನೇರವಾಗಿ ಅನ್ವಯಿಸುವುದಿಲ್ಲ.

9. ಅವಮಾನ ಮತ್ತು ದಂಡನೆ

ವಿಕಲಚೇತನರನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ತೇಜೋವಧೆ ಮಾಡುವ ಉದ್ದೇಶದಿಂದ ಬೇಕೆಂದೇ ಅವಮಾನಿಸುವುದು ಅಥವಾ ಬೆದರಿಸುವುದು ಅಪರಾಧವಾಗಿದ್ದು, 6 ತಿಂಗಳಿಂದ 5 ವರ್ಷಗಳವರೆಗೆ ಕಾರಾಗೃಹ ವಾಸ ಮತ್ತು ದಂಡ ವಿಧಿಸಬಹುದಾಗಿದೆ (ಪ್ರಕರಣ 92). ಇಂತಹ ದೂರನ್ನು ವ್ಯಾಪ್ತಿಯ ಪೊಲೀಸ್ ಠಾಣೆಗೆ ನೀಡಬಹುದು. ಠಾಣೆಯಲ್ಲಿ ದೂರು ದಾಖಲಿಸಲು ನಿರಾಕರಿಸಿದಲ್ಲಿ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಅಂಚೆಯ ಮೂಲಕ ಕಳುಹಿಸಬಹುದು.

ಅಧಿನಿಯಮದ ಉಪಬಂಧಗಳನ್ನು ಉಲ್ಲಂಘಿಸಿದವರಿಗೆ ಮೊದಲ ಬಾರಿಗೆ ರೂ. 10,000ದವರೆಗೆ, ನಂತರದ ಪ್ರತಿ ಉಲ್ಲಂಘನೆಗೆ ರೂ. 50,000ಕ್ಕೆ ಕಡಿಮೆಯಿಲ್ಲದಂತೆ ರೂ. 5 ಲಕ್ಷದವರೆಗೆ ದಂಡ ವಿಧಿಸಬಹುದು (ಪ್ರಕರಣ 89). ವಿಕಲಚೇತನರಿಗೆ ಮೀಸಲಾದ ಸೌಲಭ್ಯವನ್ನು ವಂಚನೆಯಿಂದ ಪಡೆಯುವುದೂ ಶಿಕ್ಷಾರ್ಹ ಅಪರಾಧವಾಗಿರುತ್ತದೆ (ಪ್ರಕರಣ 91).

10. ನೆರವು ಎಲ್ಲಿ ದೊರೆಯುತ್ತದೆ

ಅರ್ಜಿ ಬರೆಯಲು ಮತ್ತು ಗುರುತಿನ ಚೀಟಿಗೆ ನೋಂದಾಯಿಸಲು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು (ವಿ.ಆರ್.ಡಬ್ಲ್ಯೂ.), ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು (ಎಂ.ಆರ್.ಡಬ್ಲ್ಯೂ.) ಸಂಪರ್ಕಿಸಬಹುದು. ಶ್ರವಣ ಮತ್ತು ವಾಕ್ ದೋಷದ ತಪಾಸಣೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸೌಲಭ್ಯವಿದೆ.

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಪ್ರಕಾರ ವಿಕಲಚೇತನರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಇದಕ್ಕಾಗಿ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಸಲ್ಲಿಸಬಹುದು. ವಕೀಲರ ಶುಲ್ಕ ಭರಿಸುವ ಶಕ್ತಿಯಿಲ್ಲವೆಂಬ ಕಾರಣಕ್ಕೆ ಯಾವ ನೌಕರರೂ ತಮ್ಮ ಹಕ್ಕನ್ನು ಬಿಟ್ಟುಕೊಡಬೇಕಾಗಿಲ್ಲ.