ವಿದೇಶದಲ್ಲಿ ಮನೆ, ನಿವೇಶನ ಖರೀದಿ: ಟೈಟಲ್ ವಿಮೆಯ ಬಗ್ಗೆ ತಿಳಿದಿರಲಿ

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಗಲ್ಫ್, ಅಮೆರಿಕ, ಕೆನಡಾ ದೇಶಗಳಲ್ಲಿ ದುಡಿಯುವವರಿಲ್ಲದ ವಾರ್ಡುಗಳು ವಿರಳ. ಊರಿನಲ್ಲಿ ಮನೆ ಕಟ್ಟಿಸಿದ ಬಳಿಕ, ಇಲ್ಲವೇ ಮಕ್ಕಳು ಅಲ್ಲಿಯೇ ನೆಲೆಸಿದ ಬಳಿಕ, ಅಲ್ಲಿಯೂ ಒಂದು ಮನೆ ಅಥವಾ ಫ್ಲ್ಯಾಟ್ ಕೊಳ್ಳುವ ಯೋಚನೆ ಬರುವುದು ಸಹಜ. ಇಪ್ಪತ್ತು ಮೂವತ್ತು ವರ್ಷಗಳ ದುಡಿಮೆಯ ಹಣ ಇದರಲ್ಲಿ ಹೋಗುತ್ತದೆ. ಆದ್ದರಿಂದ ಕೊಳ್ಳುವವರೂ, ಅವರಿಗೆ ಸಲಹೆ ನೀಡುವ ಚರ್ಚ್ ಕಾರ್ಯಕರ್ತರೂ ತಿಳಿದಿರಬೇಕಾದ ಕೆಲವು ವಿಷಯಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಪ್ರವಾದಿ ಯೆರೆಮೀಯನು ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಂಡಿದ್ದು ತನ್ನ ಚಿಕ್ಕಪ್ಪನ ಮಗನಿಂದಲೇ. ಆದರೂ ಸಾಕ್ಷಿಗಳ ಮುಂದೆ ಪತ್ರ ಬರೆಸಿ, ಮುದ್ರೆ ಹಾಕಿಸಿ, ಅದನ್ನು ಮಣ್ಣಿನ ಮಡಕೆಯಲ್ಲಿ ಜೋಪಾನವಾಗಿ ಇರಿಸಲು ಹೇಳಿದನೆಂದು ಬೈಬಲಿನಲ್ಲಿ ಓದುತ್ತೇವೆ (ಯೆರೆಮೀಯ, 32ನೇ ಅಧ್ಯಾಯ). ಸಂಬಂಧಿಕರ ವ್ಯವಹಾರಕ್ಕೂ ಕಾಗದಪತ್ರ ಸರಿಯಾಗಿರಬೇಕು ಎಂಬ ಪಾಠ ಇದರಲ್ಲಿದೆ.

ಟೈಟಲ್ ವಿಮೆ ಎಂದರೇನು?

ಟೈಟಲ್ ಎಂದರೆ ಆಸ್ತಿಯ ಮೇಲಿನ ಒಡೆತನದ ಹಕ್ಕು. ನೀವು ಕೊಂಡ ಮನೆಯ ಹಿಂದಿನ ದಾಖಲೆಗಳಲ್ಲಿ ಖೋಟಾ ಸಹಿ, ತೀರದ ಅಡಮಾನ, ಬಾಕಿ ತೆರಿಗೆ, ಪಾಲು ಸಿಗದ ವಾರೀಸುದಾರ ಇಂಥ ದೋಷವಿದ್ದು, ಅದು ಮುಂದೆ ಬೆಳಕಿಗೆ ಬಂದರೆ, ನ್ಯಾಯಾಲಯದ ಖರ್ಚನ್ನೂ ನಷ್ಟವನ್ನೂ ಪಾಲಿಸಿಯ ಮಿತಿಯಲ್ಲಿ ವಿಮಾ ಕಂಪೆನಿ ಭರಿಸುತ್ತದೆ. ಕಂತು ಒಂದೇ ಬಾರಿ, ಖರೀದಿಯ ಸಮಯದಲ್ಲಿ ಕಟ್ಟತಕ್ಕದ್ದು.

ಇದು ಹುಟ್ಟಿದ್ದು ಅಮೆರಿಕದಲ್ಲಿ. 1868ರಲ್ಲಿ ಪೆನ್ಸಿಲ್ವೇನಿಯದ ವಾಟ್ಸನ್-ಮ್ಯೂರ್‌ಹೆಡ್ ಮೊಕದ್ದಮೆಯಲ್ಲಿ, ದಾಖಲೆ ಪರಿಶೀಲಿಸಿದವನು ವಕೀಲರ ಸಲಹೆಯಂತೆ ನಡೆದುಕೊಂಡಿದ್ದರಿಂದ ಅವನು ಹೊಣೆಗಾರನಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. ಹಣ ಕಳೆದುಕೊಂಡ ಖರೀದಿದಾರನಿಗೆ ಪರಿಹಾರವೇ ಇಲ್ಲವಾಯಿತು. ಈ ಕೊರತೆಯನ್ನು ತುಂಬಲು 1876ರಲ್ಲಿ ಫಿಲಡೆಲ್ಫಿಯದಲ್ಲಿ ಮೊದಲ ಟೈಟಲ್ ವಿಮಾ ಕಂಪೆನಿ ಆರಂಭವಾಯಿತು.

ನಮ್ಮಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾದ ಮಾತ್ರಕ್ಕೆ ಮಾರಿದವನ ಹಕ್ಕು ಸರಿಯಿತ್ತೆಂದು ಸರಕಾರ ಖಾತರಿ ಕೊಡುವುದಿಲ್ಲ. ಅದಕ್ಕಾಗಿಯೇ ಆರ್.ಟಿ.ಸಿ., ಇ.ಸಿ., ಹಳೆಯ ಪತ್ರಗಳನ್ನೆಲ್ಲ ವಕೀಲರಿಗೆ ತೋರಿಸುತ್ತೇವೆ. ಅಮೆರಿಕದ ಬಹುಭಾಗದಲ್ಲಿಯೂ ಸ್ಥಿತಿ ಹೀಗೆಯೇ. ಆದರೆ 1858ರಲ್ಲಿ ದಕ್ಷಿಣ ಆಸ್ಟ್ರೇಲಿಯದಲ್ಲಿ ಆರಂಭವಾದ ಟಾರೆನ್ಸ್ ಪದ್ಧತಿಯಲ್ಲಿ ಸರಕಾರಿ ದಫ್ತರದಲ್ಲಿರುವ ಹೆಸರಿಗೇ ಖಾತರಿ ಇರುತ್ತದೆ. ಅಂಥ ಕಡೆ ಈ ವಿಮೆಯ ಅಗತ್ಯ ಕಡಿಮೆ.

ಗಮನಿಸಬೇಕಾದ ಅಂಶಗಳು

1. ಪಾಲಿಸಿಗಳು ಎರಡು ಬಗೆ. ಸಾಲ ಕೊಡುವ ಬ್ಯಾಂಕು ಕೇಳುವ ಪಾಲಿಸಿ ಬ್ಯಾಂಕಿನ ಹಣವನ್ನು ಮಾತ್ರ ಕಾಯುತ್ತದೆ. ಸಾಲ ತೀರಿದಾಗ ಅದೂ ಮುಗಿಯುತ್ತದೆ. ನಿಮ್ಮ ಹಣದ ರಕ್ಷಣೆಗೆ ಮಾಲಕರ ಪಾಲಿಸಿಯನ್ನು ಬೇರೆಯಾಗಿ ಕೊಳ್ಳಬೇಕು. ಕಂತು ಕಟ್ಟಿದ್ದೇವಲ್ಲ ಎಂದು ಸುಮ್ಮನಿರದೆ, ಅದು ಯಾರ ಹೆಸರಿನ ಪಾಲಿಸಿ ಎಂದು ನೋಡಿರಿ.

2. ಖರೀದಿಗೆ ಮೊದಲು ಕಂಪೆನಿ ಒಂದು ಪೂರ್ವ ವರದಿ ಕೊಡುತ್ತದೆ. ಅಮೆರಿಕದಲ್ಲಿ ಅದರ 'ಶೆಡ್ಯೂಲ್ ಬಿ' ಭಾಗದಲ್ಲಿ, ಯಾವ ಯಾವ ದೋಷಗಳಿಗೆ ತಾನು ಹೊಣೆಯಲ್ಲ ಎಂದು ಬರೆದಿರುತ್ತದೆ. ಸಹಿ ಹಾಕುವ ಮುನ್ನ ಈ ಪುಟವನ್ನು ನಿಮ್ಮ ಸ್ವಂತ ವಕೀಲರಿಂದ ಓದಿಸಿರಿ.

3. ಕಟ್ಟಡದ ಬಿರುಕು, ಬಿಲ್ಡರ್ ಕೆಲಸ ಅರ್ಧಕ್ಕೆ ನಿಲ್ಲಿಸುವುದು, ನಿಮಗೆ ಮೊದಲೇ ಗೊತ್ತಿದ್ದೂ ತಿಳಿಸದ ತಕರಾರು, ಬೆಲೆ ಕುಸಿತ - ಇವಕ್ಕೆಲ್ಲ ಈ ವಿಮೆ ಅನ್ವಯಿಸುವುದಿಲ್ಲ.

4. ಹಣ ಕಳುಹಿಸುವ ದಿನ 'ಖಾತೆ ಸಂಖ್ಯೆ ಬದಲಾಗಿದೆ' ಎಂದು ಇ-ಮೇಲ್ ಬಂದರೆ ನಂಬಬೇಡಿ. ಮೊದಲೇ ತಿಳಿದಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ತಪ್ಪು ಖಾತೆಗೆ ಹೋದ ಹಣಕ್ಕೆ ಮಾಲಕರ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರವಿಲ್ಲ.

ದುಬೈ ಮತ್ತು ಕೆನಡಾ

ದುಬೈಯಲ್ಲಿ 2006ರ 7ನೇ ಕಾನೂನಿನಂತೆ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ ವಿದೇಶಿಯರು ಪೂರ್ಣ ಒಡೆತನ ಪಡೆಯಬಹುದು. ಅಲ್ಲಿ ಮುಖ್ಯವಾದುದು ಲ್ಯಾಂಡ್ ಡಿಪಾರ್ಟ್‌ಮೆಂಟ್‌ನ ದಾಖಲೆ. ಇನ್ನೂ ಕಟ್ಟದ ಫ್ಲ್ಯಾಟ್ ಕೊಳ್ಳುವವರು ಎರಡು ವಿಷಯ ವಿಚಾರಿಸಲೇಬೇಕು. 2007ರ 8ನೇ ಕಾನೂನಿನಂತೆ ಹಣ ಆ ಯೋಜನೆಯ ಎಸ್ಕ್ರೊ ಖಾತೆಗೇ ಹೋಗುತ್ತಿದೆಯೇ? 2008ರ 13ನೇ ಕಾನೂನಿನಂತೆ ಮಾರಾಟ ತಾತ್ಕಾಲಿಕ ದಫ್ತರದಲ್ಲಿ ನೋಂದಣಿಯಾಗಿದೆಯೇ? ನೋಂದಣಿಯಾಗದ ಅಂಥ ಮಾರಾಟ ಅಸಿಂಧು.

ಕೆನಡಾದಲ್ಲಿ ಟೈಟಲ್ ವಿಮೆ ರೂಢಿಯಲ್ಲಿದೆ. ಆದರೆ 2023ರ ಜನವರಿ 1ರಿಂದ ವಿದೇಶಿಯರು ವಾಸದ ಮನೆ ಕೊಳ್ಳುವುದನ್ನು ಅಲ್ಲಿ ನಿರ್ಬಂಧಿಸಲಾಯಿತು. 2024ರಲ್ಲಿ ಇದನ್ನು 2027ರ ಜನವರಿ 1ರವರೆಗೆ ಮುಂದುವರಿಸಲು ತೀರ್ಮಾನಿಸಲಾಯಿತು. ಕೆಲಸದ ಪರವಾನಗಿ ಇರುವ ಕೆಲವರಿಗೆ ವಿನಾಯಿತಿ ಇದೆ. ಮುಂಗಡ ಕೊಡುವ ಮೊದಲು ನಿಮ್ಮ ವೀಸಾಕ್ಕೆ ಏನು ಅನ್ವಯಿಸುತ್ತದೆಂದು ಕೇಳಿ ತಿಳಿಯಿರಿ.

ಊರಿನ ಕಾನೂನು

ಭಾರತದಲ್ಲಿ ವಾಸಿಸುವವರು ಬ್ಯಾಂಕಿನ ಮೂಲಕ ಒಂದು ಆರ್ಥಿಕ ವರ್ಷದಲ್ಲಿ ತಲಾ 2,50,000 ಡಾಲರ್ ತನಕ ವಿದೇಶಕ್ಕೆ ಕಳುಹಿಸಿ ಆಸ್ತಿ ಕೊಳ್ಳಬಹುದು. ಹುಂಡಿ ದಾರಿ ಹಿಡಿಯಬೇಡಿ. ವಿದೇಶದಲ್ಲಿದ್ದಾಗಲೇ ಕೊಂಡ ಆಸ್ತಿಯನ್ನು ಊರಿಗೆ ಮರಳಿದ ಬಳಿಕವೂ ಇಟ್ಟುಕೊಳ್ಳಲು 1999ರ ಫೆಮಾ ಕಾಯಿದೆಯ 6(4)ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ಮರಳಿ ಬಂದು ತೆರಿಗೆಯ ದೃಷ್ಟಿಯಲ್ಲಿ ಸಾಮಾನ್ಯ ನಿವಾಸಿಯಾದ ವರ್ಷದಿಂದ, ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ವಿವರ ಕೊಡಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯಿದೆಯಂತೆ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಕುಟುಂಬಕ್ಕೂ, ಕಾರ್ಯಕರ್ತರಿಗೂ

ಕೊಂಡವರು ಅಕಾಲದಲ್ಲಿ ತೀರಿಕೊಂಡರೆ ಊರಿನಲ್ಲಿರುವ ಹೆಂಡತಿ ಮಕ್ಕಳಿಗೆ ಅಲ್ಲಿ ಏನಿದೆ ಎಂದೇ ತಿಳಿಯದೆ ಹೋಗಬಹುದು. ಮಾಲಕರ ಟೈಟಲ್ ಪಾಲಿಸಿಯ ರಕ್ಷಣೆ ಸಾಮಾನ್ಯವಾಗಿ ವಾರೀಸುದಾರರಿಗೂ ಮುಂದುವರಿಯುತ್ತದೆ. ಆದರೆ ಪಾಲಿಸಿ ಇರುವುದು ಗೊತ್ತಿದ್ದರೆ ತಾನೇ ಕೇಳುವುದು! ಕ್ರಯಪತ್ರ, ಪಾಲಿಸಿ, ವಕೀಲರ ವಿಳಾಸ, ಆ ದೇಶದ ಕಾನೂನಿನಂತೆ ಬರೆದ ವೀಲುನಾಮೆ, ಇವುಗಳ ಒಂದೊಂದು ಪ್ರತಿ ಮನೆಯಲ್ಲಿರಲಿ.

ವಿಧವೆಯರಿಗೆ ನೆರವಾಗುವ ಗುರಿಕಾರರು ಮತ್ತು ಕಾರ್ಯಕರ್ತರು ತೀರಿಕೊಂಡವರ ಕಾಗದಗಳನ್ನು ನೋಡುವಾಗ ಬ್ಯಾಂಕ್ ಪುಸ್ತಕ, ಜೀವವಿಮೆಗಳ ಜೊತೆಗೆ ಟೈಟಲ್ ಪಾಲಿಸಿಯನ್ನೂ ಹುಡುಕುವುದು ಒಳ್ಳೆಯದು. ಆಸ್ತಿ ಮಾರುವವರು ಚರ್ಚ್ ಸಭಾಂಗಣದಲ್ಲಿ ಪ್ರಚಾರಕ್ಕೆ ಅವಕಾಶ ಕೇಳಿದರೆ, ಮೇಲೆ ಹೇಳಿದ ದಾಖಲೆಗಳನ್ನು ಮೊದಲು ತೋರಿಸುವಂತೆ ಪಾಲನಾ ಪರಿಷತ್ತು ಕೇಳಲಿ. ಚರ್ಚಿನಲ್ಲಿ ಹೇಳಿದ್ದು ಎಂದರೆ ನಮ್ಮ ಜನ ಬೇಗ ನಂಬುತ್ತಾರೆ.